ಮರಳಿ ಕರೆಯುವ ಮಾತು

ನವೆಂಬರ್ ೯, ಶುಕ್ರವಾರ

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದಗಳು.

ಮೂವತ್ತಾರು ವರ್ಷ ಪಾಠ ಹೇಳಿ ನಿವೃತ್ತಳಾದ, ಬುದ್ಧಿ ಸ್ತಿಮಿತದಲ್ಲಿರುವ ನಿನ್ನಕ್ಕನೇ ಇದನ್ನು ಬರೆಯುತ್ತಿದ್ದಾಳೆ ಎಂದು ಮೊದಲೇ ತಿಳಿಸಿಬಿಡುತ್ತೇನೆ; ಮುಂದೆ ಓದುವಾಗ ನಿನಗೆ ಅನುಮಾನ ಬರಬಹುದು. ನಿನ್ನ ಕಾಗದಗಳಿಗೆ ಉತ್ತರಿಸದಿದ್ದುದು ತಪ್ಪೇ. ಭಾವ ಚೆನ್ನಾಗಿದ್ದಾರಾ ಎಂದು ನೀನು ಕೇಳಿದ್ದೆ. ಏನೆಂದು ಬರೆಯಲಿ?

ಹೊಲಿಗೆ ಅಂಗಡಿಯ ಮೇಲಿನ ಯೋಗಶಾಲೆಗೆ ನಾವಿಬ್ಬರೂ ಸೇರಿದ್ದು ನಿನಗೆ ಗೊತ್ತು. ದೇಹ, ಮನಸ್ಸು, ಆತ್ಮ ಮೂರನ್ನೂ ಕೂಡಿಸುವ ಯೋಗವಿದು ಎಂದು ಅಲ್ಲಿನ ಟೀಚರು ಹೇಳಿದಾಗ ನಿನ್ನ ಭಾವ, "ಮೂರು ಬೋಗಿ, ಒಂದೇ ಇಂಜಿನ್ನು ಅನ್ನಿ! ಸಿಗ್ನಲ್ ಮಾತ್ರ ಸರಿಯಾಗಿ ಕೊಡಿ ತಾಯಿ" ಎಂದಿದ್ದರು. ರೈಲ್ವೆ ಸಿಗ್ನಲ್ ನೋಡಿಕೊಂಡೇ ತಲೆ ನರೆಸಿಕೊಂಡವರಲ್ಲವೇ.

ಕಳೆದ ತಿಂಗಳು ಶವಾಸನದಲ್ಲಿ ಮಲಗಿದ್ದಾಗ ಕೆಳಗಿನ ಅಂಗಡಿಗೆ ಬೆಂಕಿ ಬಿದ್ದಿತು. ಆ ಆಸನದ ಕೊನೆಯಲ್ಲಿ ಎಲ್ಲರನ್ನೂ ದೇಹಕ್ಕೆ ಮರಳಿ ಕರೆಯುವ ಮಾತೊಂದಿದೆ. ಅದನ್ನು ಹೇಳದೆಯೇ ಟೀಚರು ಓಡಿದರು. ಎಲ್ಲರೂ ಎದ್ದರು, ಇವರು ಏಳಲಿಲ್ಲ. ನಾನೇ ಭುಜ ಅಲ್ಲಾಡಿಸಿ ಎಬ್ಬಿಸಿ ಕರೆತಂದೆ.

ಅಂದಿನಿಂದ ಇವರಿಗೆ ಸಿಟ್ಟಿಲ್ಲ, ಗೊರಕೆಯಿಲ್ಲ. 'ಲೇ' ಎನ್ನುತ್ತಿದ್ದವರು 'ನೀವು' ಎನ್ನುತ್ತಾರೆ. ಬೆಳಗ್ಗೆ ಅಂಗೈ ಮೇಲೆ ಮಾಡಿ, ಕಣ್ಣು ತೆರೆದು, ಅಲುಗದೆ ಮಲಗಿರುತ್ತಾರೆ. "ಏಳಲಾ?" ಎಂದು ಕೇಳುತ್ತಾರೆ. ನಾನು ಹೂಂ ಎನ್ನಬೇಕು.

ನಿನ್ನೆ ಟೀಚರು ಫೋನ್ ಮಾಡಿ, "ಮೇಡಂ, ಒಂದ್ಸಲ ಬಂದು ಕೇಳ್ಬಿಡಿ. ನಂಗೊಬ್ಳಿಗೇ ಹಾಗನ್ಸುತ್ತೋ ಏನೋ" ಎಂದರು. ಹೋದೆ. ಬೀಗ ತೆಗೆಯುವ ಮೊದಲೇ ಕೇಳಿಸಿತು. ಖಾಲಿ ಕೋಣೆಯ ಕಿಟಕಿಯ ಕೆಳಗೆ, ಇವರು ಮಲಗುತ್ತಿದ್ದ ಜಾಗದಲ್ಲಿ, ಗರಗಸ ಎಳೆದಂಥ ಗೊರಕೆ. ನಡುವೆ ಸಿಕ್ಕಿಕೊಂಡು ಮತ್ತೆ ಹೊರಡುವ, ಗೋಡೆಯಾಚೆ ಮಲಗಿ ನೀನು ಶಪಿಸುತ್ತಿದ್ದ ಅದೇ ಗೊರಕೆ.

"ಪಾಪ, ಇನ್ನೂ ಸಿಗ್ನಲ್‌ಗೆ ಕಾಯ್ತಿದಾರೆ" ಎಂದು ಟೀಚರು ಪಿಸುಗುಟ್ಟಿದರು. "ಸುಟ್ಟ ಕಟ್ಟಡ, ಶನಿವಾರ ಕೆಡವ್ತಾರೆ. ಅಷ್ಟರೊಳಗೆ ಯಜಮಾನ್ರನ್ನ ಇಲ್ಲೇ ಮಲಗ್ಸಿ, ಮರಳಿ ಕರೆಯೋ ಮಾತು ನೀವೇ ಹೇಳಿ. ನಿಮ್ಮ ದನಿ ಅಂದ್ರೆ ಬಂದೇ ಬರ್ತಾರೆ." ಚೀಟಿಯಲ್ಲಿ ಬರೆದೂ ಕೊಟ್ಟರು.

ನೀನು ಬಂದಾಗ ಭಾವ ನಿನ್ನನ್ನು ಬಾಯಿಬಡುಕಿ ಎಂದು ರೇಗಿಸದಿದ್ದರೆ ಕಾರಣ ಕೇಳಬೇಡ. ಮಕ್ಕಳೊಂದಿಗೆ ನೂರ್ಕಾಲ ಸುಖವಾಗಿರು.

ನಿನ್ನ
ಅಕ್ಕ

ಬರೆಯಬಾರದೆಂದುಕೊಂಡಿದ್ದೆ: ನಿನ್ನೆ ಮನೆಗೆ ಮರಳಿದಾಗ ಇವರು ಬಾಗಿಲಲ್ಲಿ ನಿಂತಿದ್ದರು. "ನಿಮ್ಮ ಊಟ ಆಯಿತಾ?" ಎಂದರು. ಮದುವೆಯಾದಾಗಿನಿಂದ ನಿನ್ನ ಭಾವ ಒಮ್ಮೆಯೂ ಹಾಗೆ ಕೇಳಿದವರಲ್ಲ, ಪುಟ್ಟಿ. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ನಾಳೆ ಕಟ್ಟಡ ಕೆಡವುತ್ತಾರೆ. ನಾನು ಹೋಗುವುದಿಲ್ಲ.

ಲಗತ್ತು: ಏನೂ ದೋಷವಿಲ್ಲವೆಂಬ ಡಾಕ್ಟರ ವರದಿ; ಇವರ ಇತ್ತೀಚಿನ ಫೋಟೋ; ಟೀಚರು ಬರೆದುಕೊಟ್ಟ ಚೀಟಿ. ಅದನ್ನು ನೀನೂ ಗಟ್ಟಿಯಾಗಿ ಓದಬೇಡ.