ಪಕ್ಕದ ಮನೆಯ ಪಾಪಾ

೧೨-೬-೧೯೫೭, ಬುಧವಾರ. ಸಂಜೆ

ಕಾಫಿ ಎರಡು ಸಲ ಬಿಸಿ ಮಾಡಿದೆ. ಇವರ ಪತ್ತೆಯೇ ಇಲ್ಲ. ಎಲ್ಲಿರುತ್ತಾರೆ, ಪಕ್ಕದ ಮನೆಯಲ್ಲೇ! ಸೇಲಂ ಕಡೆಯಿಂದ ಬಂದ ಉಮಾಮಹೇಶ್ವರಿ ತನ್ನ ಮಗುವನ್ನು ‘ಪಾಪಾ’ ಎಂದು ಕರೆದದ್ದೇ ತಡ, ನಮ್ಮ ಸಂಸ್ಕೃತ ಮೇಷ್ಟ್ರಿಗೆ ಹುಚ್ಚು ಹಿಡಿದಿದೆ. ಲೇಖನ ಬರೆಯುತ್ತಾರಂತೆ. ಒಂದು ಪದಕ್ಕೆ ಎಷ್ಟು ಸಲ ಹೋಗಬೇಕು? ಬರುವಾಗ ಅಂಗಿಯ ಹೆಗಲ ಮೇಲೆ ಮಗುವಿನ ಜೊಲ್ಲು. ಆ ಅಂಗಿ ಒಗೆಯುವವಳು ನಾನು.

೧೬-೬-೫೭, ಭಾನುವಾರ

ಸಾರನ್ನ ಕಲಸುತ್ತಲೇ ಪಾಠ. “ಸಂಸ್ಕೃತದ ಪಾಪ ಬೇರೆ, ತಮಿಳಿನ ಪಾಪಾ ಬೇರೆ ಕಣೇ ಚೂಡಾ. ಹುಟ್ಟೇ ಬೇರೆ. ತಮಿಳರಿಗೆ ಅದು ಮಗು. ಕಣ್ಣಿನ ಪಾಪೆಗೂ ಅದೇ ಪದ. ನಮ್ಮ ಪಾಪೂನೂ ಆ ಕಡೆ ನೆಂಟನೇ. ಇಂಗ್ಲಿಷಿನವರು ನೋಡು, ಅಪ್ಪನ್ನೇ ಪಾಪಾ ಅಂತಾರೆ!”

‘ಅಪ್ಪ’ ಎನ್ನುವಾಗ ಮುಖ ಅರಳಿತು. ಮದುವೆಯಾಗಿ ಒಂಬತ್ತು ವರ್ಷ. ನನ್ನನ್ನು ನೋಡಿ ಆ ಮುಖ ಯಾವತ್ತೂ ಹಾಗೆ ಅರಳಿಲ್ಲ.

“ಕನ್ನಡದಲ್ಲಿ ಇನ್ನೊಂದು ಇದೆಯಲ್ಲ,” ಅಂದೆ. “ನನ್ನ ಕಂಡೋರೆಲ್ಲ ‘ಪಾಪ’ ಅಂತಾರಲ್ಲ, ಅದನ್ನೂ ಬರ್ಕೊಳ್ಳಿ.”

ತಲೆ ತಗ್ಗಿಸಿ ಮಜ್ಜಿಗೆ ಕೇಳಿದರು.

೩೦-೬-೫೭, ಭಾನುವಾರ

ಪಕ್ಕದ ಮನೆಯಲ್ಲಿ ತೊಟ್ಟಿಲ ಶಾಸ್ತ್ರ. ಉಮಾಗೆ ಈ ಜಯನಗರದಲ್ಲಿ ತನ್ನವರು ಯಾರಿದ್ದಾರೆ? ನಮ್ಮಿಬ್ಬರಿಗೂ ಮನೆ ಬಾಡಿಗೆ ಕೊಟ್ಟ ಲಕ್ಷ್ಮಿದೇವಮ್ಮನವರದೇ ಕಾರುಬಾರು. ಕ್ರಮವೂ ನಮ್ಮದೇ — ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕಿ ತೂಗಿ, ಆಮೇಲೆ ಮಗು.

“ಪಾಪಾನ ಅಕ್ಕಾನೇ ಹಾಕಲಿ,” ಎಂದು ಉಮಾ ಮಗುವನ್ನು ನನ್ನತ್ತ ನೀಡಿದಳು. ಕೈ ಚಾಚಿದ್ದೆ. ಚಾಚಿಯೇಬಿಟ್ಟಿದ್ದೆ...

ಲಕ್ಷ್ಮಿದೇವಮ್ಮ ನಡುವೆ ಬಂದರು. “ಬೇಡಮ್ಮ, ಮಕ್ಕಳ ತಾಯಿ ಹಾಕಬೇಕು. ಪಾಪ, ಅವಳಿಗೆ ಗುಂಡಪ್ಪನ್ನ ಕೊಡಿ.”

ಕುಂಕುಮ ಹಚ್ಚಿ ಕುಲಾವಿ ತೊಡಿಸಿದ ಕಲ್ಲು. ಎತ್ತಿಕೊಂಡೆ. ಹೆಂಗಸರು ಜೋಗುಳ ಹಾಡಿದರು. ಬಾಗಿಲ ಬಳಿ ಗಂಡಸರ ನಡುವೆ ಇವರು — ನನ್ನ ಕಡೆ ಒಂದು ಸಲವಾದರೂ? ಇಲ್ಲ. ಮಗುವನ್ನೇ ನೋಡಿ ನಗುತ್ತಿದ್ದರು. ಹೌದು, ಹೊಟ್ಟೆ ಉರಿಯಿತು. ಮೂರು ತಿಂಗಳ ಕೂಸಿನ ಮೇಲೆ ಹೊಟ್ಟೆಕಿಚ್ಚು! ಊಟಕ್ಕೂ ನಿಲ್ಲದೆ ಬಂದುಬಿಟ್ಟೆ.

ಅದೇ ದಿನ, ಸಂಜೆ

ಜಗಳ. “ಅಷ್ಟು ಆಸೆ ಇದ್ರೆ ಇನ್ನೊಬ್ಬಳನ್ನ ಕಟ್ಕೊಳ್ಳಿ. ನಾನು ತೌರಿಗೆ ಹೋಗ್ತೀನಿ,” ಅಂದೆ.

“ಯಾರನ್ನ ಕಟ್ಕೊಂಡ್ರೂ ಅಷ್ಟೇ. ಡಾಕ್ಟ್ರು ಟೆಸ್ಟ್ ಮಾಡಿ ಹೇಳಿದಾರೆ. ದೋಷ ನನ್ನದು.”

“ಯಾವಾಗ?”

“ನಾಲ್ಕೈದು ವರ್ಷ ಆಯ್ತು.”

ನಾಲ್ಕೈದು ವರ್ಷ! ತ್ಯಾಗರಾಜನಗರದಲ್ಲಿ ನಾನು ಅಶ್ವತ್ಥಕಟ್ಟೆ ಸುತ್ತುವಾಗ ನನ್ನ ಹಣ್ಣುಕಾಯಿ ತಟ್ಟೆ ಹಿಡಿದು ನಿಂತಿರುತ್ತಿದ್ದರಲ್ಲ, ಮಹಾನುಭಾವರು.

೭-೭-೫೭, ಭಾನುವಾರ

ವಾರದಿಂದ ಮಾತಿಲ್ಲ. ಇವರು ಪಕ್ಕದ ಮನೆಗೂ ಹೋಗಿಲ್ಲ.

ಬೆಳಿಗ್ಗೆ ಲಕ್ಷ್ಮಿದೇವಮ್ಮ ಬಂದರು. ಇವರು ಕಿಟಕಿಯ ಹತ್ತಿರ ಕೂತು ಹುಡುಗರ ಕಾಂಪೋಸಿಷನ್ ತಿದ್ದುತ್ತಿದ್ದರು. ಆಕೆ ನನ್ನ ಕೈ ಹಿಡಿದು, “ಅವತ್ತಿಂದು ಮನಸ್ಸಿಗೆ ಹಚ್ಕೋಬೇಡಮ್ಮ. ನೀನು ಪುಣ್ಯವಂತೆ. ಬೇರೆ ಗಂಡಸಾಗಿದ್ರೆ ಇಷ್ಟೊತ್ತಿಗೆ ನಿನ್ನ ತೌರಿಗೆ ಅಟ್ಟಿರೋನು. ಪಾಪ, ಮೇಷ್ಟ್ರು ತುಂಬಾ ಒಳ್ಳೇವರು,” ಅಂದರು.

ಪಾಪ, ಮೇಷ್ಟ್ರು! ನನ್ನ ಪಾಲಿಗೆ ಅಂತ ಇದ್ದದ್ದು ಅದೊಂದು ಮಾತು. ಅದೂ ಅವರಿಗೇ ಹೋಯಿತು.

ಇವರ ಪೆನ್ನು ನಿಂತಿತ್ತು. ತಲೆ ಎತ್ತಲಿಲ್ಲ.

“ಕೂತ್ಕೊಳ್ಳಿ ಲಕ್ಷ್ಮಿದೇವಮ್ಮಾ,” ಅಂದೆ. “ನಿಮಗೊಂದು ವಿಷಯ ಹೇಳಬೇಕು.”

ಕೂತರು. ಇವರು ಈಗ ತಲೆ ಎತ್ತಿ ನನ್ನನ್ನೇ ನೋಡಿದರು. “ದೋಷ ನನ್ನದಲ್ಲ,” ಅಂದೆ.