ಗೇಟಿನ ಬಳಿ ನಿಂತ ಗಂಡನಿಗೆ ಸೊನ್ನೆ

ವಯಸ್ಕರ ಇಂಗ್ಲಿಷ್ ಪರೀಕ್ಷೆಯ ಮಾನ್ಯ ಮುಖ್ಯ ಮೌಲ್ಯಮಾಪಕರೇ,

ತಮ್ಮ ಓದು-ಬರಹದ ಪರೀಕ್ಷೆಯಲ್ಲಿ ನನ್ನ ಹೆಂಡತಿ ಕಾಶವ್ವ ನನ್ನ ಹೆಸರು ಬರೆದಳು. ತಾವು ಅದಕ್ಕೆ ಸೊನ್ನೆ ಕೊಟ್ಟಿರಿ. ಎರಡೇ ಅಂಕ ಸಾಲದೆ ಅವಳು ನಪಾಸಾದಳು. ನಾನು ಸಿಟ್ಟಿನಿಂದಲೇ ಬರೆಯಲು ಕೂತವನು, ಆದರೆ ಖುಷಿ ತಡೆಯಲಾಗದೆ ನಡುನಡುವೆ ಎದ್ದು ಓಡಾಡುತ್ತಿದ್ದೇನೆ. ಭಾಷೆ ಅಲ್ಲಲ್ಲಿ ಕುಣಿದರೆ ಕ್ಷಮೆ ಇರಲಿ.

ನಾವು ವಿಜಯಪುರದ ಕಡೆಯವರು, ಸಂಸಾರ ಮುಂಬಯಿಯ ಕುರ್ಲಾದ ಚಾಳಿನಲ್ಲಿ. ನಮ್ಮಲ್ಲಿ ಹಿಂದಿನ ಕಾಲದ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಹಾಗೇ ಹೇಳುವುದಿಲ್ಲ. ಮದುವೆಯಲ್ಲಿ ನೆಂಟರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳೆಂದು ಹಟ ಹಿಡಿದರೆ ಪ್ರಾಸ ಕಟ್ಟಿ, ಅದರೊಳಗೆ ಹೆಸರನ್ನು ಕೂರಿಸಿ ಒಡಪು ಹೇಳುತ್ತಾರೆ. ಪಕ್ಕದ ಖೋಲಿಯ ಮರಾಠಿ ಹೆಂಗಸರು ಇದನ್ನೇ ಉಖಾಣೆ ಎನ್ನುತ್ತಾರೆ. ಮುಂಬಯಿಯಲ್ಲೇ ಕೂತು ಕೆಂಪು ಪೆನ್ನು ಹಿಡಿದವರಿಗೆ ಇದು ಗೊತ್ತಿಲ್ಲವೇ? ಹೋದ ಮದುವೆಗಳಲ್ಲೆಲ್ಲ ಬರೀ ಊಟ ಮಾಡಿ ಬಂದಿರೇ? ಕಾಶವ್ವ ನಮ್ಮ ಮದುವೆಯ ದಿನ ಒಡಪು ಹೇಳಿದ್ದೇ ಕೊನೆ. ಸ್ಟೇಷನ್ನಿನ ಗರ್ದಿಯಲ್ಲಿ ನಾನು ತಪ್ಪಿಸಿಕೊಂಡರೂ "ಇಲ್ಲಿ ಕೇಳ್ರೀ" ಎಂದೇ ಕೂಗುತ್ತಾಳೆ. ಅರ್ಧ ಪ್ಲಾಟ್‌ಫಾರ್ಮಿನ ಗಂಡಸರು ತಿರುಗಿ ನೋಡುತ್ತಾರೆ.

ಅವಳಿಗೆ ಈ ವಯಸ್ಸಿನಲ್ಲಿ ಇಂಗ್ಲಿಷ್ ಯಾಕೆ ಎನ್ನುತ್ತೀರೇನೋ. ಫೋರ್ಟ್ ಕಡೆಯ ಉಡುಪಿ ಹೋಟೆಲೊಂದರಲ್ಲಿ ದಿನವಿಡೀ ನಿಂತು ತರಕಾರಿ ಹೆಚ್ಚುತ್ತಾಳೆ. ಮೊಣಕಾಲು ಹೋಗಿವೆ. ಮ್ಯಾನೇಜರ್ ಸೀನ ಒಳ್ಳೆಯವನು. "ಈ ಪರೀಕ್ಷೆ ಒಂದು ಪಾಸಾಗಿ ಬನ್ನಿ ಕಾಶಕ್ಕ, ಸ್ಟೋರ್ ರೂಮು ನಿಮಗೇ. ಕೂತುಕೊಂಡು ಮಾಡುವ ಕೆಲಸ" ಎಂದ. ಡಬ್ಬಿಗಳ ಮೇಲಿನದನ್ನು ಓದಬೇಕು, ಮುಗಿದ ಸಾಮಾನನ್ನು ಬರೆದಿಡಬೇಕು, ಅಷ್ಟೇ. ಅದಕ್ಕಾಗಿ ಅವಳು ಡ್ಯೂಟಿ ಮುಗಿಸಿ, ಲೋಕಲ್‌ನಲ್ಲಿ ನಿಂತು ಬಂದು ಕ್ಲಾಸಿಗೆ ಕೂರುತ್ತಿದ್ದಳು.

ಇನ್ನು ತಮ್ಮ ಪ್ರಶ್ನೆ: "ನಿಮ್ಮ ಗಂಡನ ಹೆಸರೇನು? ಅವರು ಈಗ ಎಲ್ಲಿದ್ದಾರೆ?" ಇಂಗ್ಲಿಷಿನಲ್ಲಿ ಪೂರ್ಣ ವಾಕ್ಯ ಬರೆಯಬೇಕು. ಕಾಶವ್ವ ಬಹಳ ಹೊತ್ತು ಪೆನ್ನು ಕಚ್ಚುತ್ತ ಕೂತಿದ್ದಳೆಂದು ಅವಳ ಟೀಚರ್ ಸೌಮ್ಯಾ ಹೇಳಿದರು. ಉತ್ತರಪತ್ರಿಕೆ ತೋರಿಸಿದವರೂ ಅವರೇ. ಆಮೇಲೆ ಬರೆದದ್ದು ಇದು:

"ಕುರ್ಲಾ ಸ್ಟೇಷನ್ ವೆರಿ ಬಿಗ್, ಟ್ರೇನ್ ಈಸ್ ಲೇಟ್,
ನೀಲಕಂಠಪ್ಪ ಈಸ್ ಸ್ಟ್ಯಾಂಡಿಂಗ್ ನಿಯರ್ ದ ಗೇಟ್."

ತಾವು ಪಕ್ಕದಲ್ಲಿ ಬರೆದದ್ದು: ಅಸಂಬದ್ಧ.

ಸ್ವಾಮೀ, ಯಾವುದು ಅಸಂಬದ್ಧ? ಹೆಸರು ಕೇಳಿದಿರಿ, ಇದೆ. ಎಲ್ಲಿದ್ದಾನೆ ಎಂದಿರಿ, ಅದೂ ಇದೆ. ನಾನು ಆ ಹೊತ್ತಿಗೆ ನೀರಿನ ಬಾಟಲಿ ಹಿಡಿದು ತಮ್ಮ ಪರೀಕ್ಷಾ ಕೇಂದ್ರದ ಗೇಟಿನ ಬಳಿಯೇ ನಿಂತಿದ್ದೆ. ಬೇಕಿದ್ದರೆ ನನ್ನನ್ನು ಆಚೆ ಅಟ್ಟಿದ ವಾಚ್‌ಮನ್‌ನನ್ನು ಕೇಳಿ. ಟ್ರೇನೂ ಲೇಟಾಗಿತ್ತು, ಅದಕ್ಕಂತೂ ಸಾಕ್ಷಿ ಬೇಕಿಲ್ಲ. ಓದಿ ಅರ್ಥಮಾಡಿಕೊಂಡು, ನಿಜವನ್ನು, ಅದೂ ಪ್ರಾಸದಲ್ಲಿ, ಕಲಿತು ವರ್ಷ ತುಂಬದ ಭಾಷೆಯಲ್ಲಿ ಬರೆದವಳಿಗೆ ಓದು-ಬರಹ ಬರುವುದಿಲ್ಲ ಎಂದಾದರೆ, ಇನ್ನು ಯಾರಿಗೆ ಬರುತ್ತದೆ? ತಮ್ಮ ಶ್ರೀಮತಿಯವರು ತಮ್ಮ ಬಗ್ಗೆ ಇಂಗ್ಲಿಷಿನಲ್ಲಿ ಎಷ್ಟು ಪದ್ಯ ಕಟ್ಟಿದ್ದಾರೆ?

"ಹಂಗ ಯಾಕ ಬರದಿ?" ಎಂದು ಕೇಳಿದೆ.

"ಬರೇ ಹೆಸರು ಬರ್ಯಾಕ ಕೈ ಏಳಲಿಲ್ರೀ. ಒಡಪಿನಾಗ ಕೂಡ್ರಿಸಿದೆ" ಎಂದಳು. ಕ್ಲಾಸಿನ ಪುಸ್ತಕವನ್ನು ಮೇಲೆತ್ತಿಟ್ಟು, "ಇನ್ನ ಸಾಕ್ರೀ. ನಿಂತು ಉಳ್ಳಾಗಡ್ಡಿನ ಹೆಚ್ಚತೀನಿ" ಎಂದಳು. ಅಲ್ಲಿಗೆ ನನ್ನ ಕುಣಿತ ನಿಂತಿತು. ಆ ಮಾತು ನನಗೆ ತುಂಬಾ ನೋವು ಕೊಟ್ಟಿದೆ.

ಆದ್ದರಿಂದ ಸೀನ ಸ್ಟೋರಿಗೆ ಬೇರೆಯವರನ್ನು ಹುಡುಕುವ ಮೊದಲು ಆ ಉತ್ತರವನ್ನು ಮತ್ತೊಮ್ಮೆ ಓದಿ. ದಯೆ ಬೇಡ, ಓದಿದರೆ ಸಾಕು. ನಂಬಿಕೆ ಬಾರದಿದ್ದರೆ ಅವಳನ್ನು ಕರೆಸಿ ಅದೇ ಪ್ರಶ್ನೆ ಕೇಳಿ. ಹೊಸ ಒಡಪು ಬರೆಯುತ್ತಾಳೆ, ನನಗೆ ಲಾಭವೇ. ಅಂಕ ಕೊಟ್ಟಾದ ಮೇಲೆ ಆ ಹಾಳೆಯನ್ನು ಮಾತ್ರ ನನಗೆ ಕೊಡಿ. ಅವಳ ಕೈಬರಹದಲ್ಲಿ ನನ್ನ ಹೆಸರು ಇರುವುದು ಅದೊಂದರಲ್ಲೇ. ಅದನ್ನು ಪಡೆಯಲು ನಾಳೆ ಬೆಳಿಗ್ಗೆಯೇ ತಮ್ಮ ಕಚೇರಿಗೆ ಬರುತ್ತೇನೆ. ವಾಚ್‌ಮನ್ ಒಳಗೆ ಬಿಡದಿದ್ದರೆ ನಾನು ಎಲ್ಲಿರುತ್ತೇನೆಂದು ತಮಗೆ ಲಿಖಿತವಾಗಿ ತಿಳಿಸಲಾಗಿದೆ.

ಇಂತಿ,
ಈಗಲೂ ಗೇಟಿನ ಬಳಿಯೇ ನಿಂತಿರುವ
ನೀಲಕಂಠಪ್ಪ, ಕುರ್ಲಾ