ಹೇವರ್ಡ್ ಅನ್ನಿಸಿಕೊಳ್ಳಲು ಬೇಕಾದ ಕಾಗದ

ಫೆಬ್ರವರಿ 9, 2016, ಮಂಗಳವಾರ

ಸಂಘಕ್ಕೆ ಸೇರಿಸಿಕೊಳ್ಳಿ ಎಂದು ಬಂದ ನಾಲ್ಕು ಪತ್ರಕ್ಕೆ ಬೆಳಗ್ಗೆಯಿಂದ ಉತ್ತರ ಬರೆದೆ. ನಾಲ್ಕಕ್ಕೂ ಒಂದೇ ಉತ್ತರ. ಇಲ್ಲ, ಹೇವರ್ಡ್ ಎಂಬ ಹೆಸರಿದ್ದ ಮಾತ್ರಕ್ಕೆ ನೀವು ನಮ್ಮವರಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಊರಿಗೊಬ್ಬ ಹೇವರ್ಡ್ ಇದ್ದ. ಬೇಲಿ ಕಾಯುವುದು, ಪೈರಿಗೆ ನುಗ್ಗಿದ ದನ ಹಿಡಿದು ದೊಡ್ಡಿಗೆ ಕೂಡುವುದು ಅವನ ಕೆಲಸ. ಕೆಲಸದ ಹೆಸರೇ ಮಕ್ಕಳಿಗೆ ಅಂಟಿಕೊಂಡಿತು. ಅಂಥ ಊರು ನೂರಾರು, ಹಾಗಾಗಿ ಹೇವರ್ಡ್ ವಂಶಗಳೂ ನೂರಾರು. 1881ರ ಜನಗಣತಿ ಹಿಡಿದು ನಕಾಶೆಗೆ ನಾನೇ ಬಣ್ಣ ತುಂಬಿದ್ದೇನೆ — ಹೇವರ್ಡ್‌ಗಳು ತುಂಬಿರುವ ಗ್ಲಾಸ್ಟರ್, ವಿಲ್ಟ್‌ಶೈರ್ ಕಡೆ ಕಡುಗೆಂಪು, ಪೂರ್ವದಲ್ಲಿ ಸಫೊಕ್ ಹತ್ತಿರ ಇನ್ನೊಂದು ಮಚ್ಚೆ, ಉತ್ತರಕ್ಕೆ ಹೋದಂತೆ ಬರೀ ಬಿಳಿ. ಪ್ರತಿ ಲಕೋಟೆಯಲ್ಲೂ ಅದರ ನಕಲು ಇಡುತ್ತೇನೆ. ಯಾರೂ ನೋಡುವುದಿಲ್ಲ.

ನಮ್ಮದು ಆಡಲ್‌ಕೂಂಬ್ ಊರಿನ ಹೇವರ್ಡ್‌ಗಳ ಸಂಘ. 1611ರ ಥಾಮಸ್ ಹೇವರ್ಡ್‌ನಿಂದ ಇಳಿದವರು ಮಾತ್ರ. ಕಾಗದ ತೋರಿಸಿ, ಸೇರಿ. ಸಾಬೀತಾಗದ ಕೊಂಡಿ ಪಟ್ಟಿಯಲ್ಲಿ ಇರಕೂಡದು — ನಿಯಮ ಬರೆದವಳು ನಾನು, ಇಪ್ಪತ್ತೆರಡು ವರ್ಷದಿಂದ ಕಾಯುತ್ತಿರುವವಳೂ ನಾನೇ.

ತಮ್ಮ ಟ್ರೆವರ್ ಡಿಎನ್‌ಎ ಪರೀಕ್ಷೆಯ ಕಡ್ಡಿ ಇನ್ನೂ ಕಳಿಸಿಲ್ಲ. ಕೆನ್ನೆಯೊಳಗೆ ಒಂದು ನಿಮಿಷ ಉಜ್ಜಿ ಡಬ್ಬಕ್ಕೆ ಹಾಕುವ ಕೆಲಸ. ನಾಲ್ಕು ತಿಂಗಳಾಯಿತು. ಗಂಡಸರ ವರ್ಣತಂತು ಅಪ್ಪನಿಂದ ಮಗನಿಗೆ, ಮನೆತನದ ಹೆಸರಿನ ಜೊತೆಜೊತೆಗೇ ಇಳಿಯುತ್ತದೆ. ಹೆಸರಿನ ಬಗ್ಗೆ ಎಲ್ಲ ಗೊತ್ತಿರುವ ನನ್ನಲ್ಲಿ ಅದಿಲ್ಲ. ಅಜ್ಜನ ಹೆಸರೇ ಸರಿಯಾಗಿ ಹೇಳಲು ಬಾರದ ಅವನಲ್ಲಿ ಇದೆ. ಮೈ ಉರಿಯುತ್ತದೆ.

ಲೆಂಟ್ ಉಪವಾಸಕ್ಕೆ ಹಿಂದಿನ ದಿನ, ಪ್ಯಾನ್‌ಕೇಕ್ ಮಂಗಳವಾರ. ಎರಡು ಹೊಯ್ದೆ. ಒಂದು ಹರಿಯಿತು.

ಫೆಬ್ರವರಿ 21, ಭಾನುವಾರ

ಊಟಕ್ಕೆ ಟ್ರೆವರ್ ಮನೆಗೆ. ಡಬ್ಬ ಟೋಸ್ಟರಿನ ಹಿಂದೆ, ಬೀಜದ ಪೊಟ್ಟಣಗಳ ಕೆಳಗೆ ಬಿದ್ದಿತ್ತು.

"ಒಂದು ನಿಮಿಷದ ಕೆಲಸ ಕಣೋ."

"ಉಜ್ಜೋಕೆ ಮುಂಚೆ ಅರ್ಧ ಗಂಟೆ ಏನೂ ತಿಂದಿರ್ಬಾರ್ದು ಅಂತ ಬರ್ದಿದಾರೆ. ನಾನು ಯಾವತ್ತು ಅರ್ಧ ಗಂಟೆ ಸುಮ್ನಿದ್ದೆ ಹೇಳು."

"ನಾನು ಸಾಯೋದ್ರೊಳಗೆ ಮಾಡ್ತೀಯಾ?"

"ನೀನು ಸತ್ಮೇಲೆ ಮಾಡೋ ಅಗತ್ಯಾನೇ ಇರಲ್ವಲ್ಲ."

ಆಮೇಲೆ ಅವರೆ ಬೀಜ ಯಾವಾಗ ಬಿತ್ತಬೇಕು ಎಂಬ ವಿಷಯ ಶುರು ಮಾಡಿದ. ಮುಕ್ಕಾಲು ಗಂಟೆ. ಬಾಯಿ ಮುಚ್ಚಿಕೊಂಡು ಕೇಳಿದೆ.

ಮಾರ್ಚ್ 6, ತಾಯಂದಿರ ಭಾನುವಾರ

ಆಯಿತು. ಅಮ್ಮನ ಸಮಾಧಿಗೆ ಹೂವಿಡಲು ಹೋಗಿದ್ದೆವು. ಟ್ರೆವರ್ ಅಲ್ಲೇ ಕಳೆ ಕೀಳುತ್ತ ಕೂತ. ಗಡಿಯಾರ ನೋಡಿಕೊಂಡೆ — ಮೂವತ್ತೈದು ನಿಮಿಷ, ಬಾಯಿಗೆ ಏನೂ ಹಾಕಿಲ್ಲ. ಡಬ್ಬ ನನ್ನ ಚೀಲದಲ್ಲೇ ಇತ್ತು. ಚರ್ಚಿನ ಕಾರ್ ಪಾರ್ಕಿನಲ್ಲಿ ಹಿಡಿದು ಬಾಯಿ ತೆರೆಸಿದೆ.

"ಇದ್ರಿಂದ ಏನು ಗೊತ್ತಾಗತ್ತೆ?"

"ನಾವು ಯಾರು ಅಂತ."

"ನಂಗೊತ್ತು ನಾನ್ಯಾರು ಅಂತ. ಅಮ್ಮ ಅಲ್ಲಿದಾಳೆ, ಅಪ್ಪ ಪಕ್ಕದಲ್ಲಿದಾನೆ. ನಿಂಗೆ ಮಾತ್ರ ಅಂಚೇಲಿ ಬರ್ಬೇಕು."

ಅಂದುಕೊಳ್ಳಲಿ. ಲಕೋಟೆ ಅಂಟಿಸಿದೆ.

ಏಪ್ರಿಲ್ 18, ಸೋಮವಾರ

ಸ್ವಿಂಡನ್‌ನಿಂದ ರೋಲಂಡ್ ಹೇವರ್ಡ್ ಫೋನ್. ಬಸ್ ಓಡಿಸುತ್ತಿದ್ದವನು, ಈಗ ನಿವೃತ್ತ. ಮುತ್ತಜ್ಜನ ಅಪ್ಪ ಆಡಲ್‌ಕೂಂಬ್‌ನವನೇ ಎನ್ನುತ್ತಾನೆ. ದೀಕ್ಷಾಸ್ನಾನ ಆದ ಚಾಪೆಲ್ ಸುಟ್ಟುಹೋಯಿತಂತೆ, ದಾಖಲೆ ಪುಸ್ತಕವೂ ಹೋಯಿತಂತೆ. ಕಾಗದವಿಲ್ಲ.

ಸೆಪ್ಟೆಂಬರಿನ ಮೊದಲ ಶನಿವಾರ ಸಂಘದವರೆಲ್ಲ ಊರಿನ ಹಳೆಯ ಕಲ್ಲುದೊಡ್ಡಿಯ ಹತ್ತಿರ ಸೇರುತ್ತೇವೆ. ಹೊಸಬರು ದೊಡ್ಡಿಯೊಳಗೆ ನಿಲ್ಲಬೇಕು. ನಾನು ಅವರ ವಂಶಾವಳಿ ಓದುತ್ತೇನೆ. ಹಿರಿಯರೊಬ್ಬರು "ಇದು ನಮ್ಮದು" ಎಂದು ಗೇಟು ತೆಗೆದು ಕರೆತರುತ್ತಾರೆ, ಸಿಕ್ಕಿಬಿದ್ದ ದನವನ್ನು ಯಜಮಾನ ಬಿಡಿಸಿಕೊಳ್ಳುವ ಹಾಗೆ. ರೋಲಂಡ್ 1997ರಿಂದ ಹತ್ತೊಂಬತ್ತು ಸಲ ಒಳಗೆ ನಿಂತಿದ್ದಾನೆ. ನಾನು ಓದುವುದಿಲ್ಲ, ಯಾರೂ ಕರೆಯುವುದಿಲ್ಲ. ಕೊನೆಗೆ ತಾನೇ ಗೇಟು ತೆಗೆದುಕೊಂಡು ಬಂದು, ಟೀ ಕುಡಿದು, ತಮಾಷೆ ಮಾಡಿ ಹೋಗುತ್ತಾನೆ.

ಈ ಸಲ ಆತನೂ ಸ್ವಂತ ದುಡ್ಡಿನಲ್ಲಿ ಕಡ್ಡಿ ಕಳಿಸಿದ್ದಾನೆ.

"ನಂಗೆ ಕಂಪ್ಯೂಟರ್ ಬರಲ್ಲ ಮಿಸ್ ಹೇವರ್ಡ್. ಉತ್ರ ನಿಮ್ಗೇ ಬರ್ಲಿ ಅಂತ ನಿಮ್ಮ ವಿಳಾಸಾನೇ ಕೊಟ್ಟಿದೀನಿ. ಬಂದ ತಕ್ಷಣ ಒಂದು ಫೋನ್ ಹಾಕಿ, ಸಾಕು."

"ಹಾಕ್ತೀನಿ."

"ಬೇಗ ಬಂದ್ರೆ ಒಳ್ಳೇದು. ಮನೇಲಿ ಒಂದು ವಿಷ್ಯ ಇದೆ."

ಏನು ಎಂದು ಕೇಳಲಿಲ್ಲ. ಕೇಳಿದರೆ ಅರ್ಧ ಗಂಟೆ ಬಿಡುವುದಿಲ್ಲ.

ಮೇ 27, ಶುಕ್ರವಾರ

ಎರಡೂ ಫಲಿತಾಂಶ ಬಂದಿವೆ.

ಇಲ್ಲ. ತಪ್ಪಾಗಿರಬೇಕು. ಡಬ್ಬಗಳು ಅದಲುಬದಲಾಗಿರಬೇಕು.

ಮೇ 31, ಮಂಗಳವಾರ

ಲ್ಯಾಬಿಗೆ ಮೂರು ಸಲ ಫೋನ್. ಅದಲುಬದಲಾಗಿಲ್ಲ.

ಬರೆದಿಡುತ್ತೇನೆ, ಆಗಲಾದರೂ ತಲೆಗೆ ಹೋಗಲಿ. ಥಾಮಸ್‌ನಿಂದ ಇಳಿದವರೆಂದು ಕಾಗದದಲ್ಲಿ ಗಟ್ಟಿ ಇರುವ ಬೇರೆ ಸಾಲು ಎರಡು — ಅಡಿಲೇಡ್‌ನವರು, ಮತ್ತು ಬಾತ್‌ನ ವಕೀಲ, ನಮ್ಮ ಅಧ್ಯಕ್ಷ ಜೆಫ್ರಿ. ಅವರಿಬ್ಬರದೂ ಹೋದ ವರ್ಷವೇ ತಾಳೆಯಾಗಿದೆ. ಈಗ ಮೂವತ್ತೇಳು ಗುರುತುಗಳಲ್ಲಿ ರೋಲಂಡ್‌ನ ಮೂವತ್ತಾರು ಅವರೊಂದಿಗೆ ಕೂಡುತ್ತವೆ. ಟ್ರೆವರ್‌ನ ಹತ್ತೊಂಬತ್ತು. ಹತ್ತೊಂಬತ್ತು ಎಂದರೆ ಬೀದಿಯಲ್ಲಿ ಹೋಗುವ ಯಾರದ್ದಾದರೂ ಕೂಡೀತು.

ಎಲ್ಲಿ ಕಡಿದುಹೋಯಿತು? ಅಪ್ಪನಲ್ಲೋ, ಅಜ್ಜನಲ್ಲೋ, ಇನ್ನೂರು ವರ್ಷದ ಹಿಂದೆ ಯಾವಳೋ ಒಬ್ಬಳ ಅಡುಗೆಮನೆಯಲ್ಲೋ. ಯಾರೂ ಹೇಳಲಾರರು. ನನ್ನ ಕಾಗದಗಳೆಲ್ಲ ಸರಿ ಇವೆ. ಪ್ರತಿಯೊಂದರ ಮೇಲೂ ಮೊಹರು ಇದೆ. ಪ್ರಯೋಜನವೇನು.

ಜೂನ್ 8, ಬುಧವಾರ

ಜೆಫ್ರಿಗೆ ಹೇಳಿದೆ. "ಹಿಲರಿ, ನೋಡಿರೋದು ನೀವೊಬ್ರೇ ತಾನೇ? ಹಾಗಿದ್ರೆ ಇದು ಇನ್ನೂ ಬಂದೇ ಇಲ್ಲ," ಎಂದ. ವಕೀಲ.

ಛೀ ಅನ್ನಿಸಿತು. ಸಮಾಧಾನವೂ ಆಯಿತು. ಅದನ್ನೂ ಬರೆಯಬೇಕಲ್ಲ.

ಜೂನ್ 20, ಸೋಮವಾರ

ರೋಲಂಡ್ ಫೋನ್. "ಬಂತಾ?"

"ಇನ್ನೂ ಇಲ್ಲ."

"ಸರಿ ಮಿಸ್. ಅವ್ರಿಗೂ ಕೆಲ್ಸ ಜಾಸ್ತಿ ಇರತ್ತೆ."

ಜುಲೈ 4, ಸೋಮವಾರ

ಮತ್ತೆ ಫೋನ್. ಮತ್ತೆ ಇಲ್ಲ ಎಂದೆ. ಈ ಸಲ ಆತ ತಮಾಷೆ ಮಾಡಲಿಲ್ಲ. "ಇನ್ನೊಂದು ವಾರದಲ್ಲೂ ಬರಲ್ವಾ?" ಎಂದ. ನನಗೆ ಸಿಟ್ಟು ಬಂತು — ನನ್ನ ಮೇಲೆ ಬರಬೇಕಾದ್ದು ಆತನ ಮೇಲೆ. "ಬಂದಾಗ ಹೇಳ್ತೀನಿ ಅಂದೆನಲ್ಲ," ಎಂದು ಇಟ್ಟುಬಿಟ್ಟೆ.

ಆಗಸ್ಟ್ 14, ಭಾನುವಾರ

ಆರು ವಾರ ಬರೆದಿಲ್ಲ. ಒಂದು ಪತ್ರಕ್ಕೂ ಉತ್ತರ ಕೊಟ್ಟಿಲ್ಲ. ಕೆಂಟಿನ ಹೆಂಗಸೊಬ್ಬಳು ತಾನು ನಮ್ಮವಳೇ ಎಂದು ಬರೆದಿದ್ದಾಳೆ. ನಮ್ಮವಳು ಎಂದರೆ ಯಾರವಳು ಎಂದು ನಾನು ಯಾವ ಮುಖ ಇಟ್ಟುಕೊಂಡು ಕೇಳಲಿ.

ಇವತ್ತು ಟ್ರೆವರ್‌ಗೆ ಹೇಳಿದೆ. ತೋಟದಲ್ಲಿ ಈರುಳ್ಳಿ ಒಣಗಲು ಹರಡುತ್ತಿದ್ದ. ಅಳುತ್ತಾನೆ ಎಂದುಕೊಂಡಿದ್ದೆ. ಅತ್ತವಳು ನಾನು.

"ಅಪ್ಪ ನಂಗೆ ಸೈಕಲ್ ಕಲಿಸ್ದ. ಅದು ಮೂವತ್ತೇಳ್ರಲ್ಲಿ ಎಷ್ಟನೇದು?" ಎಂದ. ಆಮೇಲೆ, "ಆ ಸ್ವಿಂಡನ್ನಿನವನಿಗೆ ಹೇಳ್ದ್ಯಾ?"

"ಇಲ್ಲ."

"ಯಾವಾಗ ಬಂದಿದ್ದು?"

"ಮೇ."

ಕೈಯಲ್ಲಿದ್ದ ಈರುಳ್ಳಿ ಕೆಳಗಿಟ್ಟ. "ಹಿಲರಿ, ನಿನ್ನ ಬಗ್ಗೆ ಏನೇನೋ ಅಂದಿದೀನಿ. ಸುಳ್ಳಿ ಅಂತ ಯಾವತ್ತೂ ಅಂದಿಲ್ಲ ಕಣೇ."

ಸೆಪ್ಟೆಂಬರ್ 3, ಶನಿವಾರ, ಸಂಜೆ 6

ಓದಿದೆ. ಎಲ್ಲರ ಮುಂದೆ, ಜೆಫ್ರಿ ಬೇಡವೆಂಬಂತೆ ಕೆಮ್ಮುತ್ತಿದ್ದರೂ. ರೋಲಂಡ್ ಇಪ್ಪತ್ತನೇ ಸಲ ಒಳಗೆ ನಿಂತಿದ್ದ, ಇಸ್ತ್ರಿ ಮಾಡಿದ ಕೋಟು. ಥಾಮಸ್‌ನಿಂದ ಶುರುಮಾಡಿ ಓದುತ್ತ ಬಂದೆ. ಮಧ್ಯದ ಎರಡು ತಲೆಮಾರಿನ ಹೆಸರು ಗೊತ್ತಿಲ್ಲ, ಆದರೆ ರಕ್ತ ಕೂಡಿದೆ ಎಂದೆ. ನಮ್ಮ ಸಾಲು ಕೂಡಿಲ್ಲ ಎಂದೂ ಹೇಳಿದೆ. "ಇದು ನಮ್ಮದು" ಎನ್ನುವ ಹಕ್ಕು ನನಗಿರಲಿಲ್ಲ. ಜೆಫ್ರಿಯೇ ಹೋಗಿ ಗೇಟು ತೆಗೆದ. ಜನ ಚಪ್ಪಾಳೆ ತಟ್ಟಿದರು. ರೋಲಂಡ್ ಕಣ್ಣೊರೆಸಿಕೊಂಡ.

ಟೀ ಮೇಜಿನ ಹತ್ತಿರ ಬಂದು ಫಲಿತಾಂಶದ ಹಾಳೆ ಕೇಳಿದ. ಕೊಟ್ಟೆ. ಏನಾದರೂ ಒಳ್ಳೆಯದು ಹೇಳಬೇಕು ಎನ್ನಿಸಿತು. ಮೊದಲ ವರ್ಷ ಆತನ ಜೊತೆ ಮಗನೂ ನಿಂತಿದ್ದು ನೆನಪಾಯಿತು. ಹದಿನಾಲ್ಕು ವರ್ಷದ ಕ್ರೇಗ್. ಕಾಗದ ಇಲ್ಲದವರು ಪಕ್ಕಕ್ಕೆ ನಿಲ್ಲಿ ಎಂದು ಇಬ್ಬರಿಗೂ ಹೇಳಿದವಳು ನಾನೇ.

"ಮುಂದಿನ ವರ್ಷ ಕ್ರೇಗ್‌ನ ಕರ್ಕೊಂಡ್ಬನ್ನಿ. ಅವನ ಹೆಸ್ರೂ ಪಟ್ಟಿಗೆ ಸೇರಿಸ್ತೀನಿ."

"ಯಾವ ಹೆಸ್ರು ಮಿಸ್?"

"ಕ್ರೇಗ್ ಹೇವರ್ಡ್."

"ಅವನೀಗ ಡಾಬ್ಸ್. ಮದ್ವೇಲಿ ಹೆಂಡ್ತಿ ಮನೆ ಹೆಸ್ರು ಇಟ್ಕೊಂಡ. ಆ ಹೆಸರಿನವ್ರೇ ನಮ್ಮನ್ನ ಬೇಡ ಅಂದ್ಮೇಲೆ ನಂಗ್ಯಾಕಪ್ಪ ಅದು ಅಂದ." ಹಾಳೆ ನೋಡುತ್ತಲೇ ಮಾತಾಡುತ್ತಿದ್ದ. "ಜೂನ್ ಮೊದಲ್ನೇ ವಾರ ಮಗು ಆಯ್ತು. ಗಂಡು. ನಾನು ಕಾಲಿಗೆ ಬೀಳೋದೊಂದು ಬಾಕಿ — ಅದಕ್ಕಾದ್ರೂ ನಮ್ಮ ಹೆಸ್ರಿಡೋ ಅಂತ. ಅವ್ನು ಅಂದ, ಅವ್ರು ನಮ್ಮನ್ನ ಒಪ್ಪಿದಾರೆ ಅಂತ ಬರ್ದಿರೋದು ತೋರ್ಸು, ಇಡ್ತೀನಿ ಅಂತ. ಆರು ವಾರದೊಳಗೆ ಜನನ ಬರೆಸ್ಬೇಕಲ್ಲ. ಕೊನೇ ದಿನದವರ್ಗೂ ಕಾದ. ಜುಲೈ ಹದಿನಾಲ್ಕಕ್ಕೆ ಬರೆಸ್ದ. ಡಾಬ್ಸ್ ಅಂತ."

ಆಮೇಲೆ ಹಾಳೆಯ ಮೇಲ್ತುದಿಗೆ ಬೆರಳಿಟ್ಟ. ತಾರೀಖಿನ ಮೇಲೆ. ಮೇ 27.

ಹಾಳೆ ಮಡಚಿ ಕೋಟಿನ ಜೇಬಿಗಿಟ್ಟುಕೊಂಡ. ಟೀ ಕುಡಿಯದೆ ಬಸ್ಸಿಗೆ ಹೋದ.

ರಾತ್ರಿ 8

ಪಟ್ಟಿಯ ದೊಡ್ಡ ಪುಸ್ತಕ ತೆಗೆದೆ. ನಮ್ಮ ಸಾಲಿಗೆ ಗೆರೆ ಎಳೆದೆ — ಅಪ್ಪ, ಟ್ರೆವರ್, ನಾನು. ರೋಲಂಡ್ ಹೇವರ್ಡ್, ಸ್ವಿಂಡನ್. ಬರೆದೆ. ಕ್ರೇಗ್, 1983, ಈಗ ಡಾಬ್ಸ್. ಬರೆದೆ. ರೋಲಂಡ್‌ನ ತರುವಾಯ ನಮ್ಮ ಥಾಮಸ್‌ನ ಹೆಸರು ಆ ಮನೆಯಲ್ಲಿ ಇಲ್ಲ. ಅದನ್ನು ಮುಗಿಸಿದ ನಾನು ಆ ವಂಶದವಳೇ ಅಲ್ಲ.

ಮಗುವಿನ ಹೆಸರು ಕೇಳಲೇ ಇಲ್ಲ. ರೋಲಂಡ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ.

ಗಂಡು, ಜೂನ್ 2016, ಹೆಸರು —